ಒಂದೊಂದೇ ಅಕ್ಕಿಕಾಳು



ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ಚಿತ್ರವನ್ನು ಕಳೆದ ಭಾನುವಾರ ಮನೆಮಂದಿಯೆಲ್ಲ ಕೂತು ನೋಡಿದೆವು. ಕಪ್ಪು-ಬಿಳುಪು ಚಿತ್ರ, ಗೊತ್ತಿಲ್ಲದ ಭಾಷೆ, ಮೂರೂವರೆ ಗಂಟೆಯ ಅವಧಿ. ಆದರೂ ಯಾರೂ ನಡುವೆ ಎದ್ದು ಹೋಗಲಿಲ್ಲ.

ಇದು ಕತ್ತಿವರಸೆಯ ಸಿನಿಮಾ ಎಂದೇ ಎಲ್ಲರ ಮಾತು. ನನಗೆ ಕಂಡದ್ದು ಅನ್ನದ ಸಿನಿಮಾ. ಬೆಳೆ ದೋಚುವ ದರೋಡೆಕೋರರಿಂದ ಊರು ಉಳಿಸಿಕೊಳ್ಳಲು ರೈತರು ಯೋಧರಾದ ಸಮುರಾಯ್‌ಗಳನ್ನು ಹುಡುಕುತ್ತಾರೆ. ಕೂಲಿಯಾಗಿ ಕೊಡಲು ಅವರಲ್ಲಿರುವುದು ಅನ್ನವೊಂದೇ. ಅದಕ್ಕಾಗಿ ತಾವು ಒರಟು ಧಾನ್ಯ ತಿಂದು ಅಕ್ಕಿ ಉಳಿಸುತ್ತಾರೆ. ಆ ಅಕ್ಕಿಯೂ ಕಳುವಾದಾಗ ಯೊಹೈ ಎಂಬ ರೈತ ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಾನೆ. ಆ ಬೆರಳುಗಳನ್ನು ನೋಡುತ್ತ ನನ್ನ ಅಮ್ಮ ಕಣ್ಣೊರೆಸಿಕೊಂಡರು. ಬರಗಾಲ ಕಂಡವರು ಅವರು.

ತೊಶಿರೊ ಮಿಫುನೆಯ ಕಿಕುಚಿಯೊ ಪಾತ್ರವಂತೂ ಮರೆಯುವಂಥದ್ದಲ್ಲ. ತಾನೇ ರೈತನ ಮಗನಾದ, ಅಷ್ಟು ಹೊತ್ತು ನಗಿಸಿದ ಅವನು, ಉರಿಯುವ ಗಿರಣಿಯ ಮುಂದೆ ಅನಾಥ ಕೂಸನ್ನು ಎತ್ತಿಕೊಂಡು, ತಾನೂ ಹೀಗೇ ಉಳಿದವನೆಂದು ಹೊಳೆಯ ನೀರಿನಲ್ಲೇ ಕುಸಿದು ಅಳುತ್ತಾನೆ. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಏಳು ಮಂದಿಯಲ್ಲಿ ಸತ್ತ ನಾಲ್ವರು ಸಮುರಾಯ್‌ಗಳೂ ಬೀಳುವುದು ಗುಂಡಿಗೆ, ಕತ್ತಿಗಲ್ಲ. ಒಂದು ಕಾಲವೇ ಮುಗಿಯಿತೆಂದು ಹೇಳಲು ಕುರೊಸಾವಾಗೆ ಅಷ್ಟೇ ಸಾಕಾಗಿದೆ.

ಈ ಚಿತ್ರವನ್ನು ಮೊಬೈಲಿನಲ್ಲಿ ತುಂಡುತುಂಡಾಗಿ ನೋಡಬೇಡಿ. ಕತ್ತರಿಸಿದ ಪ್ರತಿಗಳೂ ಇವೆ, ಪೂರ್ತಿ 207 ನಿಮಿಷದ್ದನ್ನೇ ಹುಡುಕಿ. ನಮ್ಮ ಊರುಗಳ ಚಿತ್ರಸಮಾಜಗಳು ಇದನ್ನು ಕನ್ನಡ ಅಡಿಬರಹದೊಂದಿಗೆ ದೊಡ್ಡ ತೆರೆಯಲ್ಲಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಓರ್ವ ಓದುಗ, ಚಿತ್ರದುರ್ಗ