ಪರಿಸರ ವ್ಯವಸ್ಥೆಯೂ ಒಂದೇ ತೂಬಿನ ಒಕ್ಕಲುತನವೂ

'ಪರಿಸರ ವ್ಯವಸ್ಥೆ' ಎಂಬ ಮಾತು ಈಚೆಗೆ ನಾನಾ ವಿಧವಾಗಿ ಬಳಕೆಗೆ ಬಂದಿರುವುದು. ಅರಣ್ಯಶಾಸ್ತ್ರವನ್ನು ಬಲ್ಲವರು ಅದನ್ನು ಅಡವಿಯ ವಿಷಯದಲ್ಲಿ ಹೇಳುವರು. ಹೊಸ ಉದ್ಯಮಗಳನ್ನು ಹೂಡುವವರು ಬ್ಯಾಂಕು, ಯಂತ್ರ, ಕುಶಲಕರ್ಮಿ, ಗಿರಾಕಿ ಇವರೆಲ್ಲರ ಪರಸ್ಪರ ಸಂಬಂಧಕ್ಕೂ ಅದೇ ಹೆಸರನ್ನಿಡುವರು. ಇಷ್ಟು ಅರ್ಥಗಳನ್ನು ಹೊತ್ತ ಮಾತು ಹೊಲದಲ್ಲಿ ದುಡಿಯುವವನ ಯಾವ ಉಪಯೋಗಕ್ಕೆ ಬಂದೀತೆಂದು ಊರಿನ ಹಿರಿಯರು ಕೇಳುವುದು ಸಹಜವೇ ಸರಿ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಭೂಸ್ಥಿತಿಯನ್ನು ಪರ್ಯಾಲೋಚಿಸಿದವರಿಗೆ ಈ ಮಾತಿನ ಅರ್ಥವು ಗ್ರಂಥಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಲುವೆಯ ದಂಡೆಯ ಮೇಲೆಯೇ ಕಂಡುಬರುವುದು.

1935ರಲ್ಲಿ ಟಾನ್ಸ್‌ಲಿ ಎಂಬ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞನು ಈ ಪದವನ್ನು ಮೊದಲು ಅಚ್ಚಿನಲ್ಲಿ ಪ್ರಯೋಗಿಸಿದನು. ಗಿಡಮರಗಳನ್ನೂ ಪ್ರಾಣಿಗಳನ್ನೂ ಮಾತ್ರ ಎಣಿಸಿದರೆ ಸಾಲದು. ಅವು ನಿಂತ ಮಣ್ಣು, ಕುಡಿದ ನೀರು, ಬೀಸುವ ಗಾಳಿ, ಬೀಳುವ ಬಿಸಿಲು ಇವೆಲ್ಲವನ್ನೂ ಕೂಡಿಸಿ ಒಂದೇ ವ್ಯವಸ್ಥೆಯೆಂದು ಭಾವಿಸಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಇದರ ತಾತ್ಪರ್ಯವನ್ನು ರೈತನ ಮಾತಿನಲ್ಲಿ ಹೇಳುವುದಾದರೆ, ಒಬ್ಬನು ಬಿಟ್ಟದ್ದು ಇನ್ನೊಬ್ಬನಿಗೆ ಮುಟ್ಟಿಯೇ ತೀರುವುದು. ದನ ಬಿಟ್ಟ ಸಗಣಿ ಹೊಲಕ್ಕೆ ಗೊಬ್ಬರವಾಗುವುದು; ಮೇಲಿನ ಗದ್ದೆಯವನು ಬಿಟ್ಟ ಹೆಚ್ಚಿನ ನೀರು ಕೆಳಗಿನ ಗದ್ದೆಗೆ ಜವಳಾಗುವುದು. ಮನುಷ್ಯರ ಸಹಕಾರಕ್ಕೂ ಈ ನಿಯಮವು ಸಲ್ಲುವುದು. ಭೇದವೇನೆಂದರೆ, ಗಿಡಮರಗಳು ಕೂಡಿ ಕುಳಿತು ಮಾತನಾಡಲಾರವು. ಮನುಷ್ಯರು ಮಾತನಾಡಬಲ್ಲರು, ಕಟ್ಟುಪಾಡು ಮಾಡಿಕೊಳ್ಳಬಲ್ಲರು.

ಈ ಸೀಮೆಯ ಹಳೆಯ ಖುಷ್ಕಿ ಬೇಸಾಯದಲ್ಲಿ ಇಂಥ ಕಟ್ಟುಪಾಡುಗಳಿಗೆ ಕೊರತೆಯಿರಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ನಡೆಸಿದ ಉತ್ಖನನದ ವರದಿಯು 1960ರಲ್ಲಿ ಪ್ರಕಟವಾಯಿತು. ನವಶಿಲಾಯುಗದಷ್ಟು ಹಿಂದೆಯೇ ದನಗಾಹಿಗಳು ಇಲ್ಲಿ ನೆಲೆಸಿದ್ದರೆಂದು ಅದರಿಂದ ವ್ಯಕ್ತವಾಗುವುದು. ಆ ಕಾಲದಿಂದಲೂ ಇಲ್ಲಿ ಪಶುವೂ ಪೈರೂ ಜೊತೆಯಾಗಿ ಬಾಳಿವೆ. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆಯನ್ನು ತಂದು ಹೊಲದಲ್ಲಿ ತಂಗಿಸುವರು. ಕುರಿಗೆ ಕೂಳೆಯ ಮೇವು ಸಿಕ್ಕುವುದು, ಹೊಲಕ್ಕೆ ಹಿಕ್ಕೆಯ ಗೊಬ್ಬರ ದೊರೆಯುವುದು, ಕುರುಬನಿಗೆ ಕಾಳುಕಡಿ ಸಲ್ಲುವುದು. ಎರೆಭೂಮಿಯಲ್ಲಿ ಹಿಂಗಾರಿ ಜೋಳದ ನಡುವೆ ಕಡಲೆ, ಕುಸುಬೆಗಳನ್ನೂ, ಮಸಾರಿಯಲ್ಲಿ ಸಜ್ಜೆಯ ನಡುವೆ ತೊಗರಿಯನ್ನೂ ಅಕ್ಕಡಿ ಸಾಲಾಗಿ ಬಿತ್ತುವುದರಿಂದ, ಒಂದು ಬೆಳೆ ಕೈಬಿಟ್ಟರೂ ಮತ್ತೊಂದು ಕೈಹಿಡಿಯುವುದು. ಆಳಿಗೆ ಆಳು ಕೊಡುವ ಮುಯ್ಯಾಳಿನ ಪದ್ಧತಿಯು ಬಡವನ ಹೊಲವನ್ನೂ ಹದ ತಪ್ಪದಂತೆ ಬಿತ್ತಿಸುತ್ತಿತ್ತು. ಹಾಗೆಂದು ಹಳೆಯದೆಲ್ಲವನ್ನೂ ಹೊಗಳತಕ್ಕದ್ದಲ್ಲ. ಆಯಗಾರರ ಪದ್ಧತಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಆಶ್ರಯಿಸಿದ್ದರೂ, ಕಣದ ತುದಿಯಲ್ಲಿ ನಿಂತವನಿಗೆ ದೊರೆತದ್ದು ಅತ್ಯಲ್ಪ, ಮಾನವೂ ಅಷ್ಟಕ್ಕಷ್ಟೆ. ಒಬ್ಬನು ಮಾತನಾಡಿ ಉಳಿದವರು ತಲೆಬಾಗುವ ಕೂಟಕ್ಕೆ ಸಹಕಾರವೆಂಬ ಹೆಸರು ಒಪ್ಪುವುದಿಲ್ಲ.

ಈ ಖುಷ್ಕಿ ಸೀಮೆಗೆ ನೀರು ಬಂದುದು ತುಂಗಭದ್ರೆಯಿಂದ. 1945ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ಮೂಲಕ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳ ಕಡೆಗೆ ನೀರು ಹರಿಯಿತು. ಬರಗಾಲಕ್ಕೆ ಅಂಜಿದ ಸೀಮೆಯಲ್ಲಿ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪವಾದರೂ ನೀರು ಮುಟ್ಟಬೇಕೆಂಬುದು ಯೋಜನೆಯ ಉದ್ದೇಶ. ಆದಕಾರಣ ಭತ್ತಕ್ಕೆ ಅಲ್ಪಭಾಗವನ್ನು ಮಾತ್ರ ಗೊತ್ತುಮಾಡಿ, ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾ ಮೊದಲಾದ ಅರೆನೀರಾವರಿ ಬೆಳೆಗಳಿಗೆ ಬಿಟ್ಟಿದ್ದರು. ಆದರೆ ಆಂಧ್ರ ಸೀಮೆಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಒಕ್ಕಲಿಗರು ಭತ್ತದ ಬೇಸಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು, ಸ್ಥಳೀಕರೂ ಅದನ್ನು ಕಲಿತರು, ಅಕ್ಕಿ ಗಿರಣಿಗಳೆದ್ದವು, ಸಿಂಧನೂರು ಭತ್ತದ ಕಣಜವೆನಿಸಿತು. ಈ ಅಭಿವೃದ್ಧಿಯನ್ನು ಯಾರೂ ಅಲ್ಲಗಳೆಯಲಾರರು.

ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಒಂದು ಎಕರೆ ಭತ್ತಕ್ಕೆ ಬೇಕಾಗುವ ನೀರಿನಲ್ಲಿ ಎರಡು ಎಕರೆಗೂ ಮೀರಿ ಜೋಳವನ್ನು ಬೆಳೆಯಬಹುದು. ಮೇಲ್ಭಾಗದವರು ಗೊತ್ತುಮಾಡಿದುದಕ್ಕಿಂತ ಹೆಚ್ಚು ಭೂಮಿಗೆ ಭತ್ತವನ್ನು ಹಚ್ಚಿದಷ್ಟೂ ಕಾಲುವೆಯ ಕೊನೆಭಾಗವು ಒಣಗುವುದು. ಇದು ಎಲ್ಲರಿಗೂ ತಿಳಿದ ವಿಷಯ. ಮೇಲ್ಭಾಗದವರ ಸ್ವಂತ ಹೊಲಕ್ಕೇ ತಗಲುವ ಹಾನಿಯು ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ. ಎರೆಮಣ್ಣು ನೀರನ್ನು ಬೇಗನೆ ಬಸಿಯಗೊಡುವುದಿಲ್ಲ. ವರ್ಷಕ್ಕೆರಡು ಸಲ ನೀರು ನಿಲ್ಲಿಸಿದರೆ ಅಂತರ್ಜಲವು ಮೇಲೇರುತ್ತ ಬರುವುದು. ಬಿಸಿಲಿಗೆ ನೀರು ಆವಿಯಾಗಿ ಹೋದ ಮೇಲೆ ಅದರಲ್ಲಿದ್ದ ಉಪ್ಪು ನೆಲದ ಮೇಲೆ ಬೆಳ್ಳಗೆ ಉಳಿಯುವುದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರು ಭೂಮಿಯು ಈ ರೀತಿ ಸವಳು-ಜವಳಿಗೆ ತುತ್ತಾಗಿದೆಯೆಂದು ಕೃಷಿ ಸಂಶೋಧಕರು ಎಣಿಸಿರುವರು. ಹೀಗೆ ಕೊನೆಯವನು ನೀರಿಲ್ಲದೆ ಕೆಟ್ಟರೆ, ಮೊದಲನೆಯವನು ನೀರಿನಿಂದಲೇ ಕೆಡುವನು.

ಲಿಂಗಸುಗೂರು, ಮಸ್ಕಿಗಳ ಕಡೆ ಇನ್ನೂ ಎಷ್ಟೋ ಊರುಗಳು ಮಳೆಯನ್ನೇ ನಂಬಿವೆ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯು ಲಿಂಗಸುಗೂರು ತಾಲ್ಲೂಕಿನಲ್ಲಿ ಹರಿದಿರುವುದು; ಅದರ 5ಎ ಕಾಲುವೆಗಾಗಿ ಮಸ್ಕಿ ಸೀಮೆಯ ರೈತರು 2020ರಲ್ಲಿ ದೀರ್ಘಕಾಲ ಧರಣಿ ಕುಳಿತುದು ಎಲ್ಲರಿಗೂ ಗೊತ್ತಿದೆ. ನೀರನ್ನು ಕೇಳುವ ಊರುಗಳು, ಅದು ಬರುವುದಕ್ಕೆ ಮುಂಚೆಯೇ ಸಿಂಧನೂರಿನ ಐಸಿರಿಯನ್ನೂ ಸವಳನ್ನೂ ಎರಡನ್ನೂ ಕಣ್ಣಾರೆ ನೋಡಿ ಬರುವುದು ಉಚಿತ.

ಕೀಟಗಳ ವಿಷಯದಲ್ಲಿಯೂ ಇದೇ ನ್ಯಾಯ. ಭತ್ತದ ಕಂದು ಜಿಗಿಹುಳುವನ್ನು ಜೇಡ, ಮಿರಿಡ್ ತಿಗಣೆ ಮೊದಲಾದವು ತಿಂದು ಹತೋಟಿಯಲ್ಲಿಡುವವು. ಯೂರಿಯಾವನ್ನು ಮಿತಿಮೀರಿ ಹಾಕಿ, ಕಂಡ ಕಂಡ ಔಷಧವನ್ನು ಹೊಡೆದರೆ ಮೊದಲು ಸಾಯುವವು ಈ ಮಿತ್ರಕೀಟಗಳೇ. ಜಿಗಿಹುಳು ಮಾತ್ರ ಮತ್ತೆ ಹುಟ್ಟಿ ಹಿಂದಿಗಿಂತಲೂ ಹೆಚ್ಚುವುದು. ಇಂಡೋನೇಷ್ಯಾ ದೇಶದಲ್ಲಿ ಹೀಗೆಯೇ ಭತ್ತವು ಸುಟ್ಟಂತಾಗಲು, ಅಲ್ಲಿಯ ಸರಕಾರವು 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸಕೂಡದೆಂದು ಆಜ್ಞೆ ಮಾಡಿತು. ಇದರಿಂದ ಇಳುವರಿಯೇನೂ ಕುಗ್ಗಲಿಲ್ಲ. ಅದೇ ದೇಶದ ಬಾಲಿ ದ್ವೀಪದಲ್ಲಿ 'ಸುಬಕ್' ಎಂಬ ರೈತಕೂಟಗಳು ಶತಮಾನಗಳಿಂದ ನಡೆದುಬಂದಿವೆ. ಒಂದೇ ನೀರಿನ ಒಕ್ಕಲಿಗರು ಜಲದೇವಾಲಯದಲ್ಲಿ ಸೇರಿ ನಾಟಿಯ ದಿನವನ್ನೂ ಭೂಮಿಯನ್ನು ಬೀಡುಬಿಡುವ ಕಾಲವನ್ನೂ ನಿಶ್ಚಯಿಸುವರು. ಎಲ್ಲರೂ ಒಟ್ಟಿಗೆ ಬೀಡುಬಿಡುವುದರಿಂದ ಕೀಟಗಳಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಸರದಿಯಿಂದ ನೀರೂ ಎಲ್ಲರಿಗೂ ಸಾಲುವುದು. 1970ರ ದಶಕದಲ್ಲಿ, ಯಾರು ಯಾವಾಗ ಬೇಕಾದರೂ ನಾಟಿ ಮಾಡಿ ಎಡೆಬಿಡದೆ ಬೆಳೆಯಿರೆಂಬ ಹೊಸ ಬೋಧೆಯನ್ನು ಅನುಸರಿಸಿದಾಗ ನೀರಿನ ತಗಾದೆಯೂ ಕೀಟದ ಹಾವಳಿಯೂ ಕೂಡಿಯೇ ಎದ್ದವು. ಆಮೇಲೆ ಹಳೆಯ ಕ್ರಮಕ್ಕೇ ಮರಳಬೇಕಾಯಿತು. ರೈತರ ಕಟ್ಟುಪಾಡೂ ಕೀಟಗಳ ಹತೋಟಿಯೂ ಎರಡು ಬೇರೆ ವಿಷಯಗಳಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಕಾನೂನಿನ ಆಧಾರವಿಲ್ಲದೆ ಇಲ್ಲ. 1965ರ ನೀರಾವರಿ ಕಾಯಿದೆಗೆ 2000ರಲ್ಲಿ ಆದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಮಾನ್ಯತೆ ದೊರೆತಿದೆ. ಆದರೆ ಎಷ್ಟೋ ಕಡೆ ಸಂಘವು ಫಲಕದಲ್ಲಿದೆ, ಸರದಿಯು ಕಾಲುವೆಯಲ್ಲಿಲ್ಲ. ಆದುದರಿಂದ ಇಡೀ ಅಚ್ಚುಕಟ್ಟನ್ನು ಒಂದೇ ಸಲಕ್ಕೆ ಸರಿಪಡಿಸಹೊರಡದೆ, ಒಂದು ತೂಬಿನ ಒಕ್ಕಲಿಗರಿಂದ ಆರಂಭಿಸುವುದು ಲೇಸು. ಮೊದಲನೆಯದಾಗಿ, ಆ ತೂಬಿನ ಕೆಳಗಿನವರೆಲ್ಲರೂ ಹದಿನೈದು ದಿನಗಳ ಒಳಗೆ ನಾಟಿಯನ್ನು ಮುಗಿಸುವಂತೆ ಗೊತ್ತುಮಾಡಿಕೊಳ್ಳಬೇಕು. ಎರಡನೆಯದಾಗಿ, ನೀರಿನ ಸರದಿಯನ್ನು ಕೊನೆಯ ಹೊಲದಿಂದ ಮೊದಲುಮಾಡಬೇಕು. ಮೂರನೆಯದಾಗಿ, ಎರಡನೆಯ ಬೆಳೆಗೆ ಭತ್ತವನ್ನು ಬಿಟ್ಟು ಜೋಳ, ಕಡಲೆ ಮುಂತಾದವುಗಳನ್ನು ಹಾಕಬೇಕು. ನಾಲ್ಕನೆಯದಾಗಿ, ಬಸಿಗಾಲುವೆಗಳ ಹೂಳನ್ನು ಕೂಡಿ ತೆಗೆಯಬೇಕು. ಏತಕ್ಕೆಂದರೆ ಒಬ್ಬನು ತನ್ನ ಪಾಲನ್ನು ತೆಗೆದು ಕೆಳಗಿನವನು ತೆಗೆಯದಿದ್ದರೆ ಇಬ್ಬರ ಹೊಲವೂ ನಿಂತ ನೀರಿನಲ್ಲಿಯೇ ಇರುವುದು. ಐದನೆಯದಾಗಿ, ಹುಲ್ಲನ್ನು ಸುಡದೆ ಮೇವಿಗಾಗಲಿ ಗೊಬ್ಬರಕ್ಕಾಗಲಿ ಉಪಯೋಗಿಸಿ, ಡಯಂಚದಂಥ ಹಸುರೆಲೆ ಗೊಬ್ಬರವನ್ನು ಮಣ್ಣಿಗೆ ಸೇರಿಸಬೇಕು.

ಭತ್ತಕ್ಕೆ ಗಿರಣಿಯುಂಟು, ಸಾಲ ಕೊಡುವವರುಂಟು, ಕೊಳ್ಳುವವರುಂಟು. ಜೋಳಕ್ಕೆ ಯಾರಿದ್ದಾರೆಂದು ರೈತರು ಆಕ್ಷೇಪಿಸುವರು. ಈ ಆಕ್ಷೇಪವು ನ್ಯಾಯವಾದುದೇ. ಗಿರಣಿ, ಪೇಟೆ, ಸಾಲ, ಬೆಂಬಲ ಬೆಲೆ ಇವೂ ಅದೇ ವ್ಯವಸ್ಥೆಯ ಅಂಗಗಳು. ಅವನ್ನು ಹಾಗೆಯೇ ಬಿಟ್ಟು ರೈತನೊಬ್ಬನೇ ಬದಲಾಗಲೆಂದರೆ ಅದು ಆಗುವ ಮಾತಲ್ಲ. ಜೋಳದ ಖರೀದಿ ಕೇಂದ್ರಗಳು ಕಣ ಮುಗಿಯುವುದಕ್ಕೆ ಮುಂಚೆಯೇ ತೆರೆಯಬೇಕಾದುದು ಸರಕಾರದ ಹೊಣೆ. ಆದರೆ ಒಂದು ತೂಬಿನ ನೂರು ಎಕರೆಯ ಜೋಳವನ್ನು ಒಟ್ಟಿಗೆ ಮಾರಾಟಕ್ಕೆ ತಂದರೆ ದೊರೆಯುವ ಬೆಲೆಯು, ಹತ್ತು ಚೀಲವನ್ನು ಹೊತ್ತು ಬಂದವನಿಗೆ ದೊರೆಯಲಾರದು.

ಭೂಮಿಯ ಒಡೆಯರು ವಿಶೇಷವಾಗಿ ಲಕ್ಷ್ಯ ಕೊಡತಕ್ಕ ಸಂಗತಿ ಇನ್ನೊಂದಿದೆ. ಕಾಯಿದೆಯು ಏನೇ ಹೇಳಲಿ, ಬಾಯಿಮಾತಿನ ಲಾವಣಿಯು ಈ ಸೀಮೆಯಲ್ಲಿ ನಡೆದೇ ಇರುವುದು. ಬರುವ ವರ್ಷ ಹೊಲವು ತನ್ನ ಕೈಯಲ್ಲಿ ಉಳಿಯುವುದೋ ಇಲ್ಲವೋ ತಿಳಿಯದ ಸಾಗುವಳಿದಾರನು ತಿಪ್ಪೆಗೊಬ್ಬರವನ್ನು ಏಕೆ ಹೇರುವನು? ಬಸಿಗಾಲುವೆಯನ್ನು ಏಕೆ ತೋಡುವನು? ಈ ವರ್ಷವೇ ಆದಷ್ಟನ್ನು ಹಿಂಡಿಕೊಳ್ಳುವನು. ಸವಳೆದ್ದ ಮೇಲೆ ಅವನು ಬೇರೆ ಹೊಲವನ್ನು ಹುಡುಕಿಕೊಂಡು ಹೋಗುವನು. ಬಿಳಿಯ ನೆಲವು ಒಡೆಯನಿಗೆ ಉಳಿಯುವುದು. ಆದಕಾರಣ ತೂಬಿನ ಸಭೆಗೆ ಪಹಣಿಯಲ್ಲಿ ಹೆಸರಿದ್ದವರನ್ನು ಮಾತ್ರವಲ್ಲದೆ, ನಿಜವಾಗಿ ನೇಗಿಲು ಹೂಡುವವರನ್ನೂ, ನಾಟಿ ಮಾಡುವ ಹೆಣ್ಣಾಳುಗಳನ್ನೂ ಕರೆಯತಕ್ಕದ್ದು. ಯಾವ ಗದ್ದೆಯಲ್ಲಿ ನೀರು ನಿಲ್ಲುವುದೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೊಬ್ಬರಿಲ್ಲ.

ಅಣೆಕಟ್ಟೇ ನಮ್ಮನ್ನು ಎಚ್ಚರಿಸಿದೆ. ಮೊದಲು ಸುಮಾರು 133 ಟಿಎಂಸಿ ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯವು, ಮೇಲಣ ಸೀಮೆಯಿಂದ ಕೊಚ್ಚಿಬಂದ ಹೂಳಿನಿಂದಾಗಿ 2016ರ ಅಳತೆಯ ವೇಳೆಗೆ 106 ಟಿಎಂಸಿಯ ಒಳಗೆ ಇಳಿದಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋದಾಗ, ಮೂರು ರಾಜ್ಯಗಳ ರೈತರ ಎದೆ ಒಟ್ಟಿಗೆ ನಡುಗಿತು. ಆ ವಾರದಲ್ಲಿ ಮೇಲ್ಭಾಗ, ಕೊನೆಭಾಗವೆಂಬ ಭೇದವನ್ನು ಯಾರೂ ಎಣಿಸಲಿಲ್ಲ.

1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನವು, ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯವೆಂಬ ಅಭಿಪ್ರಾಯವನ್ನು ಸಾರುವುದು. ಊರಿನ ಗೌಡರೂ ಹಿರಿಯರೂ ಈ ಸಣ್ಣವರನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡು, ಕಾಲುವೆಗೆ ನೀರು ಬಿಡುವುದಕ್ಕೆ ಮುಂಚೆ, ಒಂದೊಂದು ತೂಬಿಗೆ ಒಂದೊಂದು ಸಭೆಯನ್ನು ನಡೆಯಿಸಿ, ಬೆಳೆ, ಸರದಿ, ನಾಟಿಯ ದಿನ ಈ ಮೂರನ್ನು ಬರೆದು ಚಾವಡಿಯ ಗೋಡೆಗೆ ಅಂಟಿಸುವುದು ಅವಶ್ಯ. ಬರೆದುದನ್ನು ಮೊದಲು ಪಾಲಿಸತಕ್ಕವನು ಮೊದಲ ಹೊಲದ ಒಡೆಯನು.