ಮೊಳಕೆಯಲ್ಲಿ ನೋಡಬೇಕಾದದ್ದು ಏನನ್ನು?

2013ರ ಅಕ್ಟೋಬರ್ 30ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಮೈಕಲ್ ಕಾರ್ಟರ್-ವಿಲಿಯಮ್ಸ್ ಎಂಬ 22 ವರ್ಷದ ಯುವಕ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ತಮ್ಮ ಮೊದಲ ಪಂದ್ಯ ಆಡಿದರು. ಎದುರಿಗಿದ್ದದ್ದು ಸತತ ಎರಡು ವರ್ಷ ಚಾಂಪಿಯನ್ ಆಗಿದ್ದ, ಲೆಬ್ರಾನ್ ಜೇಮ್ಸ್ ಅವರ ಮಯಾಮಿ ಹೀಟ್. ಆ ಹುಡುಗ 22 ಪಾಯಿಂಟ್, 12 ಅಸಿಸ್ಟ್, 7 ರೀಬೌಂಡ್ ಗಳಿಸಿ, ಒಂಬತ್ತು ಸಲ ಎದುರಾಳಿಗಳಿಂದ ಚೆಂಡು ಕಸಿದುಕೊಂಡರು; ಫಿಲಡೆಲ್ಫಿಯಾ ಗೆದ್ದಿತು. ಋತು ಮುಗಿದಾಗ ಅವರ ಸರಾಸರಿ 16.7 ಪಾಯಿಂಟ್, 6.2 ರೀಬೌಂಡ್, 6.3 ಅಸಿಸ್ಟ್. ಮೊದಲ ವರ್ಷವೇ ಇಂಥ ಲೆಕ್ಕ ಬರೆದವರು ಅವರಿಗಿಂತ ಮುಂಚೆ ಇಬ್ಬರೇ, ಆಸ್ಕರ್ ರಾಬರ್ಟ್‌ಸನ್ ಮತ್ತು ಮ್ಯಾಜಿಕ್ ಜಾನ್ಸನ್. ವರ್ಷದ ಶ್ರೇಷ್ಠ ರೂಕಿ, ಅಂದರೆ ಮೊದಲ ವರ್ಷದ ಆಟಗಾರ, ಪ್ರಶಸ್ತಿ ಅವರಿಗೇ ಸಂದಿತು. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಅದೇ ವರ್ಷದ ಡ್ರಾಫ್ಟ್‌ನಲ್ಲಿ ಅವರಿಗಿಂತ ನಾಲ್ಕು ಸ್ಥಾನ ಹಿಂದೆ, 15ನೆಯವರಾಗಿ ಆಯ್ಕೆಯಾದ ಇನ್ನೊಬ್ಬ ಹುಡುಗ ಮಿಲ್ವಾಕಿ ಬಕ್ಸ್ ತಂಡದಲ್ಲಿ ಪಂದ್ಯಕ್ಕೆ 6.8 ಪಾಯಿಂಟ್ ಗಳಿಸಿ ಆ ಋತುವನ್ನು ಮುಗಿಸಿದರು. ಅವರ ಹೆಸರು ಯಾನಿಸ್ ಅಂಟೆಟೊಕುಂಪೊ. ಮುಂದೆ 2019 ಮತ್ತು 2020ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರಾದದ್ದು, 2021ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ 50 ಪಾಯಿಂಟ್ ಬಾರಿಸಿ ಮಿಲ್ವಾಕಿಗೆ ಅರ್ಧ ಶತಮಾನದ ನಂತರ ಪ್ರಶಸ್ತಿ ತಂದದ್ದು ಈ ಎರಡನೆಯ ಹುಡುಗ. ಮೊದಲನೆಯವರು ಒಮ್ಮೆಯೂ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾಗಲಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಇಲ್ಲಿ ಸೋತಿತೆಂದು ಹೇಳುವುದು ಸುಲಭ. ಗಾದೆ ಸೋಲಲಿಲ್ಲ, ನೋಡುವ ಕಣ್ಣು ಸೋತಿತು ಎಂಬುದು ನನ್ನ ವಾದ. ರೂಕಿಯ ಮೊದಲ ವರ್ಷದ ಅಂಕಿಗಳು ಬಹುಮಟ್ಟಿಗೆ ಅವನಿಗೆ ಸಿಕ್ಕ ಅವಕಾಶದ ಲೆಕ್ಕ. ಅವನ ಮುಂದಿನ ಹತ್ತು ವರ್ಷವನ್ನು ಊಹಿಸಬೇಕಾದರೆ ಅವನು ಗಳಿಸಿದ್ದಕ್ಕಿಂತ ಅವನಲ್ಲಿ ಇಲ್ಲದ್ದನ್ನು ಹೆಚ್ಚು ಗಮನವಿಟ್ಟು ಓದಬೇಕು. ಕೊರತೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವನ್ನು ವಯಸ್ಸು ತುಂಬುತ್ತದೆ, ಕೆಲವನ್ನು ಅಭ್ಯಾಸ ತುಂಬುತ್ತದೆ, ಕೆಲವನ್ನು ಯಾವುದೂ ತುಂಬುವುದಿಲ್ಲ. ಈ ಮೂರನ್ನು ಬೇರ್ಪಡಿಸಬಲ್ಲವರಿಗೆ ಮಾತ್ರ ಮೊಳಕೆ ಏನನ್ನಾದರೂ ಹೇಳೀತು.

ಇದು ಅಭಿಮಾನಿಗಳ ಕಾಲಹರಣದ ಚರ್ಚೆಯಲ್ಲ. ಎನ್‌ಬಿಎಯಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಆಟಗಾರನ ಒಪ್ಪಂದದಲ್ಲಿ ಮೊದಲ ಎರಡು ವರ್ಷ ಮಾತ್ರ ಖಚಿತ. ಮೂರನೆಯ ಮತ್ತು ನಾಲ್ಕನೆಯ ವರ್ಷ ಕ್ಲಬ್ಬಿನ ಇಚ್ಛೆಗೆ ಬಿಟ್ಟದ್ದು. ಮೂರನೆಯ ವರ್ಷಕ್ಕೆ ಇವನು ಬೇಕೋ ಬೇಡವೋ ಎಂಬುದನ್ನು ಎರಡನೆಯ ಋತು ಸರಿಯಾಗಿ ಶುರುವಾಗುವ ಮುಂಚೆಯೇ ತಿಳಿಸಬೇಕು. ಅಂದರೆ ತೀರ್ಪು ಕೊಡುವವರ ಕೈಯಲ್ಲಿರುವುದು ಒಂದೇ ಋತುವಿನ, ಹೆಚ್ಚೆಂದರೆ 82 ಪಂದ್ಯಗಳ ಸಾಕ್ಷ್ಯ. ಆ ತೀರ್ಪಿನ ಮೇಲೆ ಕ್ಲಬ್ಬಿನ ಕೋಟ್ಯಂತರ ಡಾಲರ್ ನಿಂತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗನಿಗೆ ಮುಂದೆ ಎಷ್ಟು ಹೊತ್ತು ಆಡಲು ಸಿಗುತ್ತದೆ, ಎಷ್ಟು ತಾಳ್ಮೆ ಸಿಗುತ್ತದೆ ಎಂಬುದೂ ಅದರ ಮೇಲೆಯೇ ನಿಂತಿರುತ್ತದೆ.

ಹಾಗಾದರೆ ಕಾರ್ಟರ್-ವಿಲಿಯಮ್ಸ್ ಅವರ ಅಂಕಿಗಳನ್ನು ಬಿಡಿಸಿ ನೋಡೋಣ. ಅವರು ಪಂದ್ಯಕ್ಕೆ 34.5 ನಿಮಿಷ ಆಡಿದರು, ಯಾನಿಸ್ 24.6 ನಿಮಿಷ. ಆ ವರ್ಷದ ಫಿಲಡೆಲ್ಫಿಯಾ ಮುಂದಿನ ಡ್ರಾಫ್ಟ್‌ಗಳ ಮೇಲೆ ಕಣ್ಣಿಟ್ಟು, ಅನುಭವಿಗಳನ್ನು ಬಿಟ್ಟುಕೊಟ್ಟಿದ್ದ ತಂಡ; 19 ಪಂದ್ಯ ಗೆದ್ದು 63 ಸೋತಿತು, ಅದರಲ್ಲಿ ಸತತ 26 ಸೋಲುಗಳೂ ಸೇರಿದ್ದವು. ಆದರೆ ಲೀಗಿನಲ್ಲೇ ಅತಿ ವೇಗದ ಆಟ ಅದರದು. ವೇಗ ಹೆಚ್ಚಿದಷ್ಟೂ ಚೆಂಡು ಕೈಗೆ ಬರುವ ಸರದಿಗಳು ಹೆಚ್ಚು, ಸರದಿ ಹೆಚ್ಚಿದಷ್ಟೂ ಪ್ರತಿ ಪಂದ್ಯದ ಸರಾಸರಿ ಉಬ್ಬುತ್ತದೆ. ಚೆಂಡನ್ನು ನಡೆಸುವ ಕೆಲಸವೂ ರೂಕಿಯದೇ. ಇಷ್ಟು ಅವಕಾಶದೊಳಗೆ ಅವರ ಎಸೆತಗಳಲ್ಲಿ ಬುಟ್ಟಿ ಸೇರಿದ್ದು ಶೇ. 40.5 ಮಾತ್ರ, ಮೂರು ಪಾಯಿಂಟ್ ಎಸೆತಗಳಲ್ಲಿ ಶೇ. 26.4. ಪಂದ್ಯಕ್ಕೆ 16.7 ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅದರಲ್ಲಿ ಕಾರ್ಟರ್-ವಿಲಿಯಮ್ಸ್ ಎಷ್ಟು, ಫಿಲಡೆಲ್ಫಿಯಾ ಎಷ್ಟು ಎಂಬುದನ್ನು ಆ ಸಂಖ್ಯೆ ತಾನಾಗಿ ಹೇಳುವುದಿಲ್ಲ.

ಇನ್ನು ಕೊರತೆಗಳ ಜಾತಿ. ಯಾನಿಸ್ ಹುಟ್ಟಿದ್ದು 1994ರ ಡಿಸೆಂಬರ್‌ನಲ್ಲಿ, ಕಾರ್ಟರ್-ವಿಲಿಯಮ್ಸ್ 1991ರ ಅಕ್ಟೋಬರ್‌ನಲ್ಲಿ. ಒಬ್ಬರು ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಅಮೆರಿಕದ ಅತ್ಯುತ್ತಮ ಕಾಲೇಜು ಆಟದಲ್ಲಿ ಪಳಗಿ ಬಂದವರು. ಇನ್ನೊಬ್ಬರು ಅಥೆನ್ಸ್‌ನ ನೈಜೀರಿಯಾ ಮೂಲದ ಬಡ ಕುಟುಂಬದಿಂದ, ಗ್ರೀಸಿನ ಎರಡನೆಯ ದರ್ಜೆಯ ಲೀಗಿನಿಂದ ನೇರವಾಗಿ ಬಂದ 18ರ ಹುಡುಗ. ಆ ವಯಸ್ಸಿನಲ್ಲಿ ಮೂರು ವರ್ಷವೆಂದರೆ ಸಣ್ಣ ಅಂತರವಲ್ಲ. ಡ್ರಾಫ್ಟ್ ಆದ ಮೇಲೂ ಯಾನಿಸ್ ಸುಮಾರು ಎರಡು ಅಂಗುಲ ಎತ್ತರ ಬೆಳೆದರು, ಆಮೇಲೆ ಮೈ ತುಂಬಿಕೊಂಡರು. ಅವರ ಮೊದಲ ವರ್ಷದ ದೌರ್ಬಲ್ಯದಲ್ಲಿ ದೊಡ್ಡ ಪಾಲು ಕಾಲವೇ ತುಂಬಿಕೊಡುವಂಥದ್ದಾಗಿತ್ತು. 6.8ರಿಂದ ಹೊರಟ ಸರಾಸರಿ ಮರುವರ್ಷ 12.7, ಆಮೇಲೆ 16.9, 22.9, 26.9 ಎಂದು ಏರುತ್ತ ಹೋಯಿತು. ಒಂದು ಬಿಂದುವನ್ನು ನೋಡಿದವರಿಗೆ ಕಂಡದ್ದು ಸಾಧಾರಣ ಆಟಗಾರ; ಆ ಬಿಂದುವಿನ ಹಿಂದಿದ್ದ ವಯಸ್ಸನ್ನು ನೋಡಿದವರಿಗೆ ಒಂದು ದಿಕ್ಕು ಕಾಣುತ್ತಿತ್ತು.

ವಯಸ್ಸೇ ಎಲ್ಲವೂ ಆಗಿದ್ದರೆ ಲೆಕ್ಕ ಸುಲಭವಾಗಿರುತ್ತಿತ್ತು. ಆದರೆ 2009-10ರ ಋತು ಅದಕ್ಕೆ ಅಡ್ಡ ನಿಲ್ಲುತ್ತದೆ. ಆ ವರ್ಷ ಸ್ಯಾಕ್ರಮೆಂಟೊದ ಟೈರೀಕ್ ಎವಾನ್ಸ್ 20.1 ಪಾಯಿಂಟ್, 5.8 ಅಸಿಸ್ಟ್, 5.3 ರೀಬೌಂಡ್ ಸರಾಸರಿಯೊಡನೆ ಶ್ರೇಷ್ಠ ರೂಕಿಯಾದರು, 17.5 ಪಾಯಿಂಟ್‌ಗಳ ಸ್ಟೆಫನ್ ಕರಿ ಎರಡನೆಯವರು. ಎವಾನ್ಸ್ ಕರಿಗಿಂತ ಒಂದೂವರೆ ವರ್ಷ ಚಿಕ್ಕವರು. ಅಂಕಿಯೂ ಅವರ ಕಡೆಗೆ, ವಯಸ್ಸೂ ಅವರ ಕಡೆಗೆ. ಆದರೂ ನಾಲ್ಕು ಸಲ ಚಾಂಪಿಯನ್ ಆಗಿ, ಆಟದ ರೂಪವನ್ನೇ ಬದಲಿಸಿದವರು ಕರಿ. ಸುಳಿವು ಎಲ್ಲಿತ್ತು? ಕರಿ ಆ ವರ್ಷ ಮೂರು ಪಾಯಿಂಟ್ ಎಸೆತಗಳಲ್ಲಿ ಶೇ. 43.7, ಫ್ರೀ ಥ್ರೋಗಳಲ್ಲಿ ಶೇ. 88.5 ಗುರಿ ಮುಟ್ಟಿದ್ದರು. ಎವಾನ್ಸ್ ಕ್ರಮವಾಗಿ ಶೇ. 25.5 ಮತ್ತು ಶೇ. 74.8. ಎವಾನ್ಸ್ ಅವರ ಬಲ ಮೈಬಲದಿಂದ ಒಳನುಗ್ಗುವುದರಲ್ಲಿತ್ತು, ಅದನ್ನು ಲೀಗು ಕಲಿತು ತಡೆಯಬಲ್ಲದು. ಕೈಯ ಹದವನ್ನು ತಡೆಯುವುದು ಕಷ್ಟ. ಇಲ್ಲಿ ಫ್ರೀ ಥ್ರೋ ಒಂದು ಒಳ್ಳೆಯ ಸಾಕ್ಷಿ. ಎದುರಾಳಿ ಇಲ್ಲ, ಅಂತರ ಬದಲಾಗದು, ಉಳಿಯುವುದು ಕೈ ಮತ್ತು ಮನಸ್ಸು ಮಾತ್ರ. 2007-08ರಲ್ಲಿ ಸಿಯಾಟಲ್‌ನ ರೂಕಿ ಕೆವಿನ್ ಡ್ಯುರಾಂಟ್ ಮೂರು ಪಾಯಿಂಟ್ ಎಸೆತಗಳಲ್ಲಿ ಶೇ. 28.8 ಮಾತ್ರ ಸಾಧಿಸಿದಾಗ ಹಲವರು ಸಂಶಯಪಟ್ಟರು. ಆದರೆ ಅದೇ ಕೈ ಫ್ರೀ ಥ್ರೋ ಗೆರೆಯಲ್ಲಿ ಶೇ. 87.3 ಸಾಧಿಸುತ್ತಿತ್ತು. ಅವರಲ್ಲಿ ಎಸೆಯುವ ಕೌಶಲ ಇತ್ತು, ಯಾವಾಗ ಎಸೆಯಬೇಕೆಂಬ ವಿವೇಕ ಇನ್ನೂ ಬಂದಿರಲಿಲ್ಲ. ಅದು ಅಭ್ಯಾಸ ತುಂಬುವ ಕೊರತೆ.

ಇಲ್ಲಿ ಓದುಗರು ಸರಿಯಾಗಿಯೇ ಒಂದು ಪ್ರಶ್ನೆ ಕೇಳಬಹುದು. ಯಾನಿಸ್ ಒಳ್ಳೆಯ ಎಸೆತಗಾರರಾಗಿ ಬರಲಿಲ್ಲ, ಆಗಲೂ ಇಲ್ಲ. ಅವರ ಫ್ರೀ ಥ್ರೋ ಇಂದಿಗೂ ತಂಡಕ್ಕೆ ಆತಂಕವೇ. ಹಾಗಿದ್ದರೆ ಕೈಯ ಹದದ ಮಾತು ಎಲ್ಲಿ ಉಳಿಯಿತು? ಉತ್ತರ ಇಷ್ಟೆ. ಯಾವ ಸುಳಿವೂ ಒಂಟಿಯಾಗಿ ತೀರ್ಪು ಕೊಡಲಾರದು, ಮತ್ತು ತುಂಬದ ಕೊರತೆ ಇದ್ದರೂ ಅದನ್ನು ಸುತ್ತಿಬಳಸಿ ಹೋಗುವ ದಾರಿ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಬೆನ್ ಸಿಮನ್ಸ್ ಅವರನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2018ರ ಶ್ರೇಷ್ಠ ರೂಕಿ, ಎತ್ತರದ ದೇಹ, ಅಪರೂಪದ ಆಟದ ಕಣ್ಣು. ಆದರೆ ಆ ಇಡೀ ವರ್ಷ ಅವರು ಪ್ರಯತ್ನಿಸಿದ ಮೂರು ಪಾಯಿಂಟ್ ಎಸೆತಗಳು 11, ಬಿದ್ದದ್ದು ಸೊನ್ನೆ. ಮೂರು ಸಲ ಆಲ್-ಸ್ಟಾರ್ ಆದ ಮೇಲೂ ದೂರದಿಂದ ಎಸೆಯುವ ಅಂಜಿಕೆ ಹೋಗಲಿಲ್ಲ. ಬೆನ್ನಿನ ಗಾಯವೂ ಸೇರಿ ಅವರ ಏರಿಕೆ ನಿಂತಿತು. ಯಾನಿಸ್ ತಪ್ಪುತ್ತಲೇ ಎಸೆದರು, ಸಾವಿರಾರು ಜನರ ಎದುರು ಗೆರೆಯಲ್ಲಿ ನಿಂತು ತಪ್ಪಿದರು, ಮತ್ತೆ ಎಸೆದರು. ತನ್ನ ಕೊರತೆಯನ್ನು ಬಯಲಲ್ಲಿ ಇಡುವವನಿಗೂ ಅದನ್ನು ಬಚ್ಚಿಡುವವನಿಗೂ ಇರುವ ಈ ವ್ಯತ್ಯಾಸ ಮೊದಲ ವರ್ಷದಲ್ಲೇ ಕಾಣುತ್ತದೆ, ಅಂಕಿಪಟ್ಟಿಯ ಮುಖ್ಯ ಕಂಬಸಾಲುಗಳಲ್ಲಿ ಮಾತ್ರ ಕಾಣುವುದಿಲ್ಲ.

ಮೊಳಕೆಯ ಜೊತೆಗೆ ಮಣ್ಣನ್ನೂ ನೋಡಬೇಕು. ಕಾಲೇಜಿನಲ್ಲಿ ಮೂರು ಪಾಯಿಂಟ್ ಎಸೆತಗಳಲ್ಲಿ ಶೇ. 30ನ್ನೂ ಮುಟ್ಟದ ಕವಾಯ್ ಲೆನರ್ಡ್ 2011ರಲ್ಲಿ ಸ್ಯಾನ್ ಆಂಟೊನಿಯೊಗೆ ಬಂದು ಚಿಪ್ ಎಂಗಲ್ಯಾಂಡ್ ಎಂಬ ಎಸೆತದ ಗುರುವಿನ ಕೈಗೆ ಸಿಕ್ಕರು. ಮೊದಲ ಋತುವಿನಲ್ಲೇ ಅದು ಶೇ. 37.6ಕ್ಕೆ ಏರಿತು. ಅವರು ಬೇರೆ ಊರಿಗೆ ಹೋಗಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಕನ್ನಡದಲ್ಲಿ ಸಾಮರ್ಥ್ಯ ಬೇರೆ, ಸಾಧ್ಯತೆ ಬೇರೆ. ಸಾಮರ್ಥ್ಯ ಆಟಗಾರನೊಳಗೆ ಇರುವಂಥದ್ದು. ಸಾಧ್ಯತೆ ಅವನಿಗೂ ಅವನನ್ನು ಬೆಳೆಸುವವರಿಗೂ ನಡುವೆ ಹುಟ್ಟುವಂಥದ್ದು. ರೂಕಿಯನ್ನು ಅಳೆಯುವವರು ಹಲವು ಸಲ ಎರಡನೆಯದನ್ನು ಮೊದಲನೆಯದರ ಲೆಕ್ಕಕ್ಕೆ ಬರೆದು ತಪ್ಪುತ್ತಾರೆ.

ಇದೆಲ್ಲ ಫಲಿತಾಂಶ ತಿಳಿದ ಮೇಲೆ ಹೇಳುವ ಜಾಣತನ ಎಂಬ ಆಕ್ಷೇಪ ಹಗುರವಾದದ್ದಲ್ಲ. ಯಾನಿಸ್ ಅವರಂತೆಯೇ ಉದ್ದ ತೋಳಿನ 18ರ ಹುಡುಗ ಬ್ರೆಜಿಲ್‌ನ ಬ್ರೂನೊ ಕಬೊಕ್ಲೊ. 2014ರಲ್ಲಿ 20ನೆಯವರಾಗಿ ಆಯ್ಕೆಯಾದರೂ ಟೊರೊಂಟೊದಲ್ಲಿ ನೆಲೆ ಕಾಣಲಿಲ್ಲ. 2015ರಲ್ಲಿ ಡಲ್ಲಾಸ್ 52ನೆಯವರಾಗಿ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್ ಡ್ರಾಫ್ಟ್ ಆದ ಮೊದಲ ಭಾರತ ಸಂಜಾತ ಆಟಗಾರ. ಏಳಡಿಗೂ ಮೀರಿದ ಎತ್ತರ, 19ರ ವಯಸ್ಸು. ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಿಲ್ಲ. ಇವರನ್ನು ಮರೆತು ಯಾನಿಸ್ ಕತೆಯನ್ನು ಮಾತ್ರ ಹೇಳಿದರೆ ಅದು ವಂಚನೆ. ಆದರೆ ಈ ಉದಾಹರಣೆಗಳು ನನ್ನ ವಾದವನ್ನು ಒಡೆಯುವುದಿಲ್ಲ, ಅದರ ಗಡಿಯನ್ನು ಗುರುತಿಸುತ್ತವೆ. ಎಳೆಯ ವಯಸ್ಸು, ಉದ್ದನೆಯ ದೇಹ ಸಾಧ್ಯತೆಯ ಬಾಗಿಲು ಮಾತ್ರ; ಆಟದ ಅರಿವು, ಕಲಿಯುವ ವೇಗ, ಕಲಿಸುವವರ ಸಂಗ ಕೂಡಿದಾಗಲಷ್ಟೇ ಒಳಗೆ ಪ್ರವೇಶ. ತೀರ್ಪು ಭವಿಷ್ಯವಾಣಿಯಾಗಬೇಕಿಲ್ಲ, ಇದ್ದ ಸಾಕ್ಷ್ಯಕ್ಕೆ ತಕ್ಕ ನಂಬಿಕೆಯಾದರೆ ಸಾಕು. 2012ರಲ್ಲಿ ಕಣಕಾಲಿನ ಗಾಯದಿಂದ 26 ಪಂದ್ಯ ಮಾತ್ರ ಆಡಿದ್ದ ಕರಿಗೆ ಗೋಲ್ಡನ್ ಸ್ಟೇಟ್ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಒಪ್ಪಂದ ಕೊಟ್ಟಾಗ ಮಾಡಿದ್ದು ಅದನ್ನೇ.

ಇನ್ನೊಂದು ಆಕ್ಷೇಪ ಉಳಿದಿದೆ. ಲೆಬ್ರಾನ್ ಜೇಮ್ಸ್ 20.9, ಟಿಮ್ ಡಂಕನ್ 21.1, ಲೂಕಾ ಡೊಂಚಿಚ್ 21.2 ಪಾಯಿಂಟ್ ಸರಾಸರಿಯಿಂದಲೇ ಆರಂಭಿಸಿದವರಲ್ಲವೆ? ಹೌದು, ಮೊದಲ ವರ್ಷದ ಮಿಂಚು ಬಹಳ ಸಲ ನಿಜವಾದ ಮಿಂಚೇ. ಆದರೆ ಲೆಬ್ರಾನ್ ಮತ್ತು ಡೊಂಚಿಚ್ ಅದನ್ನು ಸಾಧಿಸಿದ್ದು ಹತ್ತೊಂಬತ್ತರ ಆಸುಪಾಸಿನಲ್ಲಿ. ಡಂಕನ್ ಸಾಧಿಸಿದ್ದು ತನ್ನ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬುಟ್ಟಿಗೆ ಸೇರಿಸಿ, ಗೆಲ್ಲುವ ತಂಡದೊಳಗೆ. ಅವರ ಅಂಕಿಯ ಹಿಂದೆ ವಯಸ್ಸು, ಕೌಶಲ, ಸಂದರ್ಭ ಮೂರೂ ಸಾಕ್ಷಿ ಹೇಳುತ್ತಿದ್ದವು.

2015ರ ಫೆಬ್ರವರಿಯಲ್ಲಿ, ಪ್ರಶಸ್ತಿ ಪಡೆದು ಒಂದು ವರ್ಷವೂ ತುಂಬುವ ಮುನ್ನ, ಫಿಲಡೆಲ್ಫಿಯಾ ಕಾರ್ಟರ್-ವಿಲಿಯಮ್ಸ್ ಅವರನ್ನು ಬಿಟ್ಟುಕೊಟ್ಟಿತು. ಅವರು ಹೋದದ್ದು ಮಿಲ್ವಾಕಿಗೆ, ಯಾನಿಸ್ ಇದ್ದ ತಂಡಕ್ಕೇ. ಮರುವರ್ಷ ಅವರು ಬೆಂಚಿಗೆ ಸರಿದು, ಗಾಯಗೊಂಡು ಹೊರಗುಳಿದಾಗ ಕೋಚ್ ಜೇಸನ್ ಕಿಡ್ ಚೆಂಡು ನಡೆಸುವ ಕೆಲಸವನ್ನು ಯಾನಿಸ್ ಕೈಗೆ ಕೊಟ್ಟರು. ಕಾರ್ಟರ್-ವಿಲಿಯಮ್ಸ್ ಆಮೇಲೂ ಹಲವು ವರ್ಷ ಚುರುಕಾದ ರಕ್ಷಣಾ ಆಟಗಾರರಾಗಿ ಲೀಗಿನಲ್ಲಿ ಉಳಿದರು. ಅದು ಗೌರವದ ವೃತ್ತಿಜೀವನ. ಅದನ್ನು ಸೋಲು ಎಂದು ಕರೆಯುವಂತೆ ಮಾಡಿದ್ದು ಆ ಮೊದಲ ರಾತ್ರಿಯ ಅಂಕಿಗಳ ಮೇಲೆ ಇತರರು ಕಟ್ಟಿದ ನಿರೀಕ್ಷೆ. ರೂಕಿಯನ್ನು ಸರಿಯಾಗಿ ಓದುವುದೆಂದರೆ ಮುಂದಿನ ಯಾನಿಸ್‌ನನ್ನು ಮೊದಲೇ ಗುರುತಿಸುವುದಷ್ಟೇ ಅಲ್ಲ. ಇನ್ನೊಬ್ಬ ಹುಡುಗನ ಹೆಗಲ ಮೇಲೆ ಅವನದಲ್ಲದ ಭಾರವನ್ನು ಹೊರಿಸದಿರುವುದೂ ಅದೇ ಓದಿನ ಭಾಗ.