ಮೊದಲು ಮುಖ, ಆಮೇಲೆ ‘ನಾನು’
ಮಣ್ಣೆತ್ತಿನ ಅಮಾವಾಸ್ಯೆ ಬಂತು, ಗೊಳಸಂಗಿಯ ಮಕ್ಕಳ ಕೈಗೆ ಎರಿಮಣ್ಣು ಮೆತ್ತಿತು. ಒಬ್ಬನ ಎತ್ತಿಗೆ ಕೋಡು ಉದ್ದ, ಇನ್ನೊಬ್ಬಳದಕ್ಕೆ ಹಿಣಿಲು ಎತ್ತರ, ಒಂದರಂತೆ ಇನ್ನೊಂದಿಲ್ಲ. ಇದೇ ಮಕ್ಕಳಿಗೆ ಸಾಲಿಯಲ್ಲಿ ‘ನನ್ನ ಬಗ್ಗೆ’ ಬರೆಯಿರಿ ಅನ್ನಿ, ಹೆಸರೊಂದು ಬಿಟ್ಟರೆ ಇಡೀ ವರ್ಗದ್ದು ಒಂದೇ ಪ್ರಬಂಧ: ಎಲ್ಲರಿಗೂ ಗುಲಾಬಿ ಇಷ್ಟ, ಎಲ್ಲರೂ ಡಾಕ್ಟರ್ ಆಗುವವರೇ! ತಪ್ಪು ಮಕ್ಕಳದಲ್ಲ, ಬೋರ್ಡಿನ ಮೇಲಿನ ಮಾದರಿಯದು. ಮೊದಲು ತನ್ನ ಮುಖ ತಾನೇ ಬಿಡಿಸಲಿ. ಹಣೆಯ ಮೇಲಿನ ಗಾಯದ ಕಲೆ, ಅಕ್ಕ ಹೆಣೆದ ಹೆರಳು ಹಾಳೆಗೆ ಬಂದವೆಂದರೆ ವಾಕ್ಯಕ್ಕೆ ತಡಕಾಡಬೇಕಿಲ್ಲ. ಚಿತ್ರದಿಂದ ಅಕ್ಷರಕ್ಕೆ ಹೋಗುವ ಈ ದಾರಿ ಹೊಸದೇನಲ್ಲ: 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಕಲಿಕಾ ಪದ್ಧತಿ ಮೂರನೇ ತರಗತಿವರೆಗೆ ಚಿತ್ರ, ಹಾಡು, ಅಕ್ಷರಗಳನ್ನು ಒಟ್ಟಿಗೇ ಕೂರಿಸಿತು. ಆದರೆ ನಾಲ್ಕನೆಯದಕ್ಕೆ ಕಾಲಿಟ್ಟರೆ ಬಣ್ಣದ ಪೆನ್ಸಿಲ್ ಪಾಟೀಚೀಲದ ತಳ ಸೇರುತ್ತದೆ. ಗುರುಗಳೇ, ಈ ವರ್ಷವಾದರೂ ಬೋರ್ಡಿನ ಮೇಲಿನ ಆ ಮಾದರಿ ಅಳಿಸಿಬಿಡಿ.